ಸ್ಟೇಶಾಳ ಸೀಳು ಹುಬ್ಬು

ಕಾಪಿತೋಲಿನಾ ಅರ್ಸೇನ್ಯೆವ್ನಾ ವೆದೆರ್ನಿಕೋವಾ ಎಂದು ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲೋಟದ ಚಹಾ ಆರಿಹೋಗುತ್ತದೆ. ಅದಕ್ಕೇ ಮಾಸ್ಕೋದ ಆ ಓಣಿಯಲ್ಲಿ ಎಲ್ಲರಿಗೂ ಅವಳು ಬರೀ ಕಾಪಾ. ಹೆಸರು ಓಣಿ ದಾಟಿ ಹೋಗಲಿಲ್ಲ, ಆದರೆ ಅವಳ ಕೈಯ ಕೆಲಸವನ್ನು ನೋಡದ ಕಣ್ಣು ದೇಶದಲ್ಲಿ ಇರಲಿಲ್ಲ. ಕೂಸಿಗೆ ಹಾಲು ಕಾಯಿಸಿ ಕುಡಿಸಿ ಎಂದು ಆಸ್ಪತ್ರೆಯ ಗೋಡೆಯಿಂದ ಬೆರಳು ತೋರಿಸುತ್ತಿದ್ದ ದಾದಿ, ಅಕ್ಷರ ಕಲಿ ತಾಯಿ ಎಂದು ಪುಸ್ತಕ ಚಾಚುತ್ತಿದ್ದ ಹುಡುಗಿ, ಟ್ರ್ಯಾಕ್ಟರಿನ ಮೇಲೆ ಕೂತು ಆಕಾಶ ನೋಡುತ್ತಿದ್ದ ಕೆಂಪು ವಸ್ತ್ರದ ಹೆಂಗಸು, ಇವರೆಲ್ಲ ಕಾಪಾಳ ಮಕ್ಕಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಅವಳಿಗೆ ಇರಲಿಲ್ಲ.

ಅಪ್ಪ ನೇಯ್ಗೆ ಗಿರಣಿಯ ಊರಿನಲ್ಲಿ ಅಂಗಡಿಗಳಿಗೆ ತಗಡಿನ ಫಲಕ ಬರೆಯುತ್ತಿದ್ದವನು. ಬೂಟು, ಸಕ್ಕರೆ, ಚಹಾ ಕಾಯಿಸುವ ಸಮೋವಾರ್. ಕ್ರಾಂತಿಯಾದ ಮೇಲೆ ಅಂಗಡಿಗಳೇ ಇಲ್ಲವಾದವು, ಮಗಳು ಅದೇ ಕುಂಚ ಹಿಡಿದು ಮೆರವಣಿಗೆಯ ಬಟ್ಟೆ ಬರೆಯತೊಡಗಿದಳು. ಅಲ್ಲಿಂದ ಮಾಸ್ಕೋದ ಕಲಾಶಾಲೆ, ಅಲ್ಲಿಂದ ಪೋಸ್ಟರ್ ಪ್ರಕಟಣಾಲಯ. ತಟ್ಟೆಯಲ್ಲಿ ಇಲ್ಲದ್ದನ್ನು ಗೋಡೆಯ ಮೇಲೆ ಬಡಿಸುವುದೇ ನಿನ್ನ ಉದ್ಯೋಗ ಎಂದು ಯಾರಾದರೂ ಚುಚ್ಚಿದರೆ ಅವಳು ಸಿಟ್ಟಾಗುತ್ತಿರಲಿಲ್ಲ. "ಹೌದಪ್ಪಾ, ಬಡಿಸ್ತೀನಿ. ಆದ್ರೆ ಹಾಲು ಕಾಯಿಸಿದ್ರೆ ಕೂಸು ಉಳಿಯುತ್ತೆ ಅನ್ನೋದು ಸುಳ್ಳಾ? ಅದನ್ನ ಹೇಳು," ಎನ್ನುತ್ತಿದ್ದಳು. ಒಂದು ಕೂಸಾದರೂ ತನ್ನ ಚಿತ್ರದಿಂದ ಉಳಿದಿದ್ದರೆ ಸಾಕು ಎಂಬುದು ಅವಳ ಲೆಕ್ಕ.

ಕಷ್ಟ ಇದ್ದದ್ದು ಕಲಾ ಮಂಡಳಿಯದು. ಪ್ರತಿ ಚಿತ್ರವೂ ಆ ಉದ್ದನೆಯ ಮೇಜಿನ ಮುಂದೆ ನಿಲ್ಲಬೇಕು, ಅಲ್ಲಿ ಕೂತವರು ಒಂದಾದರೂ ತಪ್ಪು ಹುಡುಕಬೇಕು. ಹುಡುಕದಿದ್ದರೆ ಇವರನ್ನು ಯಾಕೆ ಕೂರಿಸಿದ್ದು ಎಂದು ಮೇಲಿನವರು ಕೇಳುವುದಿಲ್ಲವೇ? ಒಮ್ಮೆ ಹೈನಿನ ಚಿತ್ರ ಬರೆದಾಗ, "ಈ ಹಸು ಯಾಕೆ ದುಃಖದಲ್ಲಿದೆ? ಸಾಮೂಹಿಕ ಬೇಸಾಯದ ಹಸುವಿಗೆ ಏನು ಕೊರತೆ?" ಎಂದು ಅರ್ಧ ದಿನ ಚರ್ಚೆ ನಡೆಯಿತು. ಕಡೆಗೆ ಹಸುವನ್ನು ನಗಿಸಿದರು. ಆ ನಗುವ ಹಸುವನ್ನು ನೆನೆದರೆ ಕಾಪಾಳಿಗೆ ಮುದುಕಿಯಾದ ಮೇಲೂ ಮೈ ಉರಿಯುತ್ತಿತ್ತು.

ಆಗ ಲಾವ್ರ್ ಕುಜ್ಮಿಚ್ ಎಂಬ ಹಳೆಯ ಚಿತ್ರಕಾರ ಅವಳನ್ನು ಮೂಲೆಗೆ ಕರೆದು ಕಸುಬಿನ ಗುಟ್ಟು ಹೇಳಿಕೊಟ್ಟ.

"ಹುಚ್ಚಿ, ನಾಯಿ ಬಿಡೋದು ಕಲಿ."

"ಯಾವ ನಾಯಿ?"

"ಚಿತ್ರದ ನಡುವೆ ಒಂದು ಬಿಳೀ ನಾಯಿ ಬರಿ. ಯಾರು ನೋಡಿದ್ರೂ ಇದಿಲ್ಲಿ ಯಾಕಪ್ಪಾ ಅನ್ನಬೇಕು. ಅವ್ರೆಲ್ಲಾ ಅದರ ಮೇಲೆ ಬೀಳ್ತಾರೆ, ತೆಗೆಸ್ತಾರೆ, ಕೆಲಸ ಮಾಡಿದ್ವಿ ಅಂತ ಖುಷಿಯಾಗಿ ಮನೆಗೆ ಹೋಗ್ತಾರೆ. ಉಳಿದದ್ದೆಲ್ಲ ನಿಂದೇ."

ಶಿಶುವಿಹಾರದ ಪೋಸ್ಟರಿನಲ್ಲಿ ಕಾಪಾ ಮೊದಲ ನಾಯಿ ಬಿಟ್ಟಳು. "ಮಕ್ಕಳ ಹತ್ತಿರ ನಾಯಿಯಾ! ಕಚ್ಚಿದ್ರೆ ಯಾರು ಹೊಣೆ?" ಎಂದು ಮಂಡಳಿ ಕೂಗಾಡಿತು, ನಾಯಿ ಹೋಯಿತು, ಉಳಿದ ಚಿತ್ರಕ್ಕೆ ಗಾಯವಾಗಲಿಲ್ಲ. ಅಂದಿನಿಂದ ಅವಳ ಎಲ್ಲ ಚಿತ್ರಗಳಿಗೂ ಒಂದೊಂದು ನಾಯಿ. ಕೆಲವೊಮ್ಮೆ ಅದು ವಾರೆಯಾದ ಚಿಮಣಿ, ಕೆಲವೊಮ್ಮೆ ಆರು ಬೆರಳಿನ ಕಮ್ಮಾರ, ಒಂದು ಸಲ ಛಾವಣಿಯ ಮೇಲೆ ಮೇಕೆ. ಗೋಡೆಗಳು ಇವನ್ನೆಲ್ಲ ಕಾಣಲೇ ಇಲ್ಲ.

ಹೀಗೆ ನಡೆಯುತ್ತಿದ್ದಾಗ ಯುದ್ಧ ಬಂತು. ಅಚ್ಚಿನ ಯಂತ್ರಕ್ಕೆ ಕಾಯುವ ಪುರಸೊತ್ತಿಲ್ಲ, ದಪ್ಪ ಕಾಗದ ಕತ್ತರಿಸಿ ಅಚ್ಚು ಮಾಡಿ, ಅಂಟುಬಣ್ಣ ಬಳಿದು, ಕೈಯಲ್ಲೇ ಪೋಸ್ಟರ್ ಇಳಿಸಿ ಅಂಗಡಿ ಕಿಟಕಿಗಳಿಗೆ ಅಂಟಿಸಬೇಕು. ಒಲೆಯಿಲ್ಲದ ಕೋಣೆ. ಬಕೆಟ್ಟಿನಲ್ಲಿ ಬಣ್ಣ ಹೆಪ್ಪುಗಟ್ಟುತ್ತಿತ್ತು. ಮೊದಲ ಚಳಿಗಾಲವೇ ಕಾಪಾಳ ಎದೆಯಲ್ಲಿ ನೀರು ತುಂಬಿಕೊಂಡಿತು. ಏಳಲಾರದೆ ತನ್ನ ಕೋಣೆಯಲ್ಲಿ ಬಿದ್ದುಕೊಂಡಳು.

ಅವಳಿದ್ದದ್ದು ಹಲವು ಸಂಸಾರಗಳಿಗೆ ಒಂದೇ ಅಡುಗೆಮನೆಯಿದ್ದ ವಠಾರದಂಥ ಫ್ಲಾಟು. ಎದುರು ಕೋಣೆಯವಳು ಸ್ಟೆಪಾನಿದಾ ಗ್ಲುಖೋವಾ, ಎಲ್ಲರ ಬಾಯಲ್ಲಿ ಸ್ಟೇಶಾ. ರೊಟ್ಟಿ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಕೆಲಸ. ಅಗಲ ಮುಖ, ಗಂಡಸಿನಂಥ ಕೈ, ಎಡ ಹುಬ್ಬಿನ ಮಧ್ಯೆ ಒಂದು ಸೀಳು. ಹುಡುಗಿಯಾಗಿದ್ದಾಗ ಕುದುರೆ ಒದ್ದ ಗಾಯ. ಆ ಬೇಸಿಗೆಯಲ್ಲೇ ಅವಳ ಗಂಡ ರಣರಂಗದಲ್ಲಿ ಹೋಗಿಬಿಟ್ಟಿದ್ದ. ನಾಲ್ಕು ವರ್ಷದ ಮಗಳ ಹೆಸರು ಅನ್ನಾ, ಮನೆಯಲ್ಲಿ ಮುದ್ದಿಗೆ ನ್ಯೂರಾ. ಅವಳನ್ನು ಶಿಶುವಿಹಾರದ ಮಕ್ಕಳ ಜೊತೆ ಪೂರ್ವಕ್ಕೆ ರೈಲಿನಲ್ಲಿ ಕಳುಹಿಸಿದ್ದರು. ಆ ರೈಲಿನ ಮೇಲೆ ದಾರಿಯಲ್ಲಿ ಬಾಂಬು ಬಿತ್ತು. ಉಳಿದ ಮಕ್ಕಳನ್ನು ಯಾರು ಯಾರೋ ಎತ್ತಿಕೊಂಡು ಯಾವ ಯಾವ ಊರಿಗೋ ಕರೆದೊಯ್ದರು ಎಂಬ ಸುದ್ದಿ ಬಂತು, ಅಷ್ಟೇ. ನ್ಯೂರಾ ಉಳಿದಳೋ ಇಲ್ಲವೋ ಎಂದು ಹೇಳುವವರಿರಲಿಲ್ಲ.

ಅಂಥ ಬೆಂಕಿಯನ್ನು ಒಡಲಲ್ಲಿ ಇಟ್ಟುಕೊಂಡ ಹೆಂಗಸು ಎದುರು ಕೋಣೆಯ ಚಿತ್ರಗಾರ್ತಿಯ ಮಲ ಮೂತ್ರ ಬಾಚಿದಳು ನೋಡಿ. ತನ್ನ ಪಾಲಿನ ರೊಟ್ಟಿಯನ್ನು ಬಿಸಿನೀರಲ್ಲಿ ಅದ್ದಿ ತಿನ್ನಿಸಿದಳು. ಒಂದು ದಿನ ಕಾಪಾಳಿಗೆ ಜ್ವರದ ಮಂಪರಿನಲ್ಲಿ ಕೊಡಲಿಯ ಸದ್ದು ಕೇಳಿತು. ಕಣ್ಣು ಬಿಟ್ಟರೆ ಸ್ಟೇಶಾ ನ್ಯೂರಾಳ ಪುಟ್ಟ ಮಂಚವನ್ನು ಒಡೆದು ಕಬ್ಬಿಣದ ಒಲೆಗೆ ತುಂಬುತ್ತಿದ್ದಾಳೆ.

"ಏ ಸ್ಟೇಶಾ, ಬೇಡ್ವೇ! ಅದು ಬೇಡ!"

"ಸುಮ್ನೆ ಮಲ್ಕೋ. ಬರೋ ಹೊತ್ತಿಗೆ ಅವ್ಳು ದೊಡ್ಡೋಳಾಗಿರ್ತಾಳೆ, ಇದ್ರಲ್ಲಿ ಕಾಲು ಹಿಡಿಸುತ್ತಾ? ಹೊಸದು ಮಾಡ್ಸಿದ್ರಾಯ್ತು," ಎಂದಳು ಸ್ಟೇಶಾ. ಹೇಳುವಾಗ ಮುಖ ಈ ಕಡೆ ತಿರುಗಿಸಲಿಲ್ಲ.

ಕಾಪಾ ಬದುಕಿದಳು. ಯಾರ ಮಂಚದ ಬಿಸಿಯಿಂದ ತನ್ನ ಎದೆ ಉಸಿರಾಡುತ್ತಿದೆ ಎಂಬುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ. ಋಣ ಎಂಬ ಮಾತು ಬಾಯಲ್ಲಿ ಬರುವುದು ಸುಲಭ, ಮೈಯಲ್ಲಿ ಹೊತ್ತವರಿಗೆ ಅದರ ಭಾರ ಗೊತ್ತು.

ಯುದ್ಧ ಮುಗಿಯಿತು. ಸ್ಟೇಶಾ ರಜೆ ಸಿಕ್ಕ ದಿನವೆಲ್ಲ ವಿಚಾರಣಾ ಕಚೇರಿಗಳ ಮುಂದೆ ಸರದಿಯಲ್ಲಿ ನಿಂತಳು. ಗ್ಲುಖೋವಾ ಎಂಬ ಹೆಸರಿನ ಹುಡುಗಿ ಯಾವ ಅನಾಥಾಲಯದಲ್ಲೂ ಇಲ್ಲ ಎಂದೇ ಉತ್ತರ. ಇರುವುದಾದರೂ ಹೇಗೆ? ಅಷ್ಟು ಚಿಕ್ಕ ಮಕ್ಕಳು ಅಳುತ್ತಾ ಏನು ಹೇಳಿದವೋ ಅದನ್ನೇ ಬರೆದುಕೊಂಡಿದ್ದಾರೆ, ಏನೂ ಹೇಳದ ಮಕ್ಕಳಿಗೆ ತಾವೇ ಹೆಸರಿಟ್ಟಿದ್ದಾರೆ.

ಮರುವರ್ಷ ದೇಶದಲ್ಲಿ ಬೆಳೆ ಸೊರಗಿತು. ರೊಟ್ಟಿ ಪೋಲು ಮಾಡಬೇಡಿ ಎಂಬ ಪೋಸ್ಟರ್ ಬರೆಯುವ ಕೆಲಸ ಕಾಪಾಳ ಪಾಲಿಗೆ ಬಂತು. ಎಲ್ಲ ಊಟದ ಮನೆಗಳಿಗೂ ಹೋಗುವಂಥದ್ದು. ಕಾರ್ಖಾನೆ, ಶಾಲೆ, ರೈಲು ನಿಲ್ದಾಣ, ಅನಾಥಾಲಯ. ಅನಾಥಾಲಯ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಪಾಳಿಗೆ ನ್ಯೂರಾ ನೆನಪಾದಳು. ಮಗು ಹೆಸರು ಮರೆತಿರಬಹುದು, ಊರು ಮರೆತಿರಬಹುದು. ಅಮ್ಮನ ಮುಖ?

ಅಡುಗೆಮನೆಗೆ ಹೋಗಿ ಆಲೂಗಡ್ಡೆ ಸುಲಿಯುತ್ತಿದ್ದ ಸ್ಟೇಶಾಳ ಎದುರು ಕೂತಳು.

"ನಿನ್ನ ಮುಖ ಬೇಕಲ್ಲೇ. ರೊಟ್ಟಿ ಹಿಡ್ಕೊಂಡು ನಿಲ್ಲಬೇಕು."

"ನನ್ನ ಮುಖಾನಾ? ಜನ ರೊಟ್ಟಿ ತಿನ್ನೋದನ್ನೇ ಬಿಟ್ಬಿಡ್ತಾರೆ, ಮಾರಾಯ್ತಿ!"

"ಒಳ್ಳೇದೇ ಆಯ್ತಲ್ಲ, ರೊಟ್ಟಿ ಉಳಿಯುತ್ತೆ."

ಸ್ಟೇಶಾ ನಕ್ಕು ಕೈ ಒರೆಸಿಕೊಂಡು ಬಂದಳು. ತಲೆವಸ್ತ್ರವನ್ನು ಹಣೆಯ ಮೇಲೆ ಎಳೆದುಕೊಂಡು, "ಈ ಸೀಳನ್ನ ಮುಚ್ಚಿಬಿಡ್ತೀನಿ ತಡಿ, ಅಸಹ್ಯ," ಎಂದಳು.

"ಬೇಡ!" ಎಂದು ಕಾಪಾ ಕಿರುಚಿಬಿಟ್ಟಳು. ಅಷ್ಟು ಜೋರು ಅವಳಿಗೇ ಅನಿರೀಕ್ಷಿತವಾಗಿತ್ತು.

ಸ್ಟೇಶಾ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ವಸ್ತ್ರವನ್ನು ಹಿಂದಕ್ಕೆ ಸರಿಸಿ, ಹುಬ್ಬು ಪೂರ್ತಿ ಕಾಣುವ ಹಾಗೆ ಕಟ್ಟಿಕೊಂಡು, ರೊಟ್ಟಿಯನ್ನು ಎದೆಗವಚಿ ನಿಂತಳು.

ಚಿತ್ರ ಮುಗಿಯಿತು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಮುಖ ಕಾಪಾಳ ಕೈಯಿಂದ ಬಂದಿರಲಿಲ್ಲ. ದಣಿದ ಕಣ್ಣು, ಬಿಗಿದ ತುಟಿ, ಸೀಳು ಹುಬ್ಬು. ಮಂಡಳಿಯ ಪಾಲಿಗೆ ಇದು ಹಬ್ಬದೂಟ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಎಂದೂ ಬಿಡದಂಥ ನಾಯಿ ಬಿಟ್ಟಳು. ನಾಯಿಯಲ್ಲ, ಬೆಕ್ಕು. ಎಡಗಡೆಯ ಕಿಟಕಿಯಲ್ಲಿ ಕಡು ಕಿತ್ತಳೆ ಬಣ್ಣದ ಹೊಟ್ಟೆಬಾಕ ಬೆಕ್ಕೊಂದು ನಾಲಿಗೆ ಚಾಚಿ ರೊಟ್ಟಿಯನ್ನೇ ನೋಡುತ್ತಿದೆ. ರೊಟ್ಟಿ ಉಳಿಸಿ ಎಂಬ ಗಂಭೀರ ಪೋಸ್ಟರಿನಲ್ಲಿ! ಬರೆಯುತ್ತಾ ಬರೆಯುತ್ತಾ ಕಾಪಾಳಿಗೂ ಉತ್ಸಾಹ ಏರಿತು, ಮೀಸೆಯ ಒಂದೊಂದು ಕೂದಲನ್ನೂ ಬಿಡಿಸಿದಳು. ತಪ್ಪಾದದ್ದು ಅಲ್ಲೇ.

ಮಂಡಳಿಯ ಅಧ್ಯಕ್ಷ ಕೊಂದ್ರಾತ್ ಪಫ್ನೂತ್ಯೆವಿಚ್ ಜೀಕೊವ್, ಕಲ್ಲಿನಂಥ ಮನುಷ್ಯ. ಚಿತ್ರ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ, ನಮ್ಮನೆ ಬೆಕ್ಕು ಬಾರ್ಸಿಕ್ ಥರಾನೇ ಇದ್ಯಲ್ರೀ! ಅದೇ ಕಳ್ಳ ಮುಖ!"

ಮೇಜಿನ ಸುತ್ತ ಎಲ್ಲರೂ ನಕ್ಕರು. ಜೀವಂತಿಕೆ ಇದೆ ಎಂದರು. ಜನಪದ ಹಾಸ್ಯ ಎಂದರು. ಬೆಕ್ಕು ಪಾಸಾಯಿತು. ನಾಯಿ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಇದೆಯೇ? ತಪ್ಪು ಸಿಗದ ಮಂಡಳಿ ತಪ್ಪು ಹುಡುಕಲು ಬೇರೆ ಕಡೆ ಕಣ್ಣು ಹಾಯಿಸಲೇಬೇಕು. ತುದಿಯಲ್ಲಿ ಕೂತಿದ್ದ ಕನ್ನಡಕದ ಸಣಕಲ ಗಂಟಲು ಸರಿಮಾಡಿಕೊಂಡ.

"ಬೆಕ್ಕು ಸರಿ. ಆದ್ರೆ ಈ ಹೆಂಗಸು? ವಯಸ್ಸಾಯ್ತು. ನಗುವೂ ಇಲ್ಲ. ಮತ್ತೆ ಹುಬ್ಬು ಯಾಕೆ ಹರಿದಿದೆ? ನಮ್ಮ ಕೆಲಸಗಾರ್ತಿ ಬೀದಿಜಗಳಕ್ಕೆ ಹೋಗಿ ಬಂದ ಹಾಗಿದ್ದಾಳೆ. ಒಬ್ಬ ಹರೆಯದ ಹುಡುಗಿ ಬರೀರಿ, ಹಲ್ಲು ಕಾಣಲಿ."

ಹೌದು ಹೌದು ಎಂದು ತಲೆಗಳಾಡಿದವು. ಇಪ್ಪತ್ತು ವರ್ಷ ಆ ಮೇಜಿನ ಮುಂದೆ "ಆಗಲಿ ಕಾಮ್ರೇಡ್, ತಿದ್ದುತ್ತೇನೆ" ಎಂದಷ್ಟೇ ಹೇಳುತ್ತಾ ಬಂದಿದ್ದ ಕಾಪಾ ಆ ದಿನ ಎದ್ದು ನಿಂತಳು.

"ತಿದ್ದಲ್ಲ."

"ಏನಂದ್ರಿ?"

"ಆ ಹುಬ್ಬು ತಿದ್ದಲ್ಲ ಅಂದೆ. ಅದು ಬರೀ ಹುಬ್ಬಲ್ಲ, ವಿಳಾಸ. ಈ ಹೆಂಗಸಿನ ಮಗು ರೈಲಲ್ಲಿ ಹೋದದ್ದು ವಾಪಸ್ ಬಂದಿಲ್ಲ. ಅದಕ್ಕೆ ತನ್ನ ಹೆಸರು ಗೊತ್ತೋ ಇಲ್ವೋ. ಕಚೇರಿಗಳು ಹೆಸರು ಹುಡುಕ್ತವೆ, ಮುಖ ಹುಡುಕಲ್ಲ. ಮುಖ ಕಳ್ಸೋಕೆ ನನ್ನ ಹತ್ರ ಇರೋದು ಇದೊಂದೇ ದಾರಿ. ಈಗ ನಿಮಗೇನು ಮಾಡ್ಬೇಕು ಅನ್ಸುತ್ತೋ ಮಾಡಿ."

"ಅಂದ್ರೆ ಸರ್ಕಾರದ ಕಾಗದದ ಮೇಲೆ ನಿಮ್ಮ ಸ್ವಂತ ವ್ಯವಹಾರ?" ಎಂದ ಸಣಕಲ. ಆ ಕಾಲದಲ್ಲಿ ಅಂಥ ಒಂದು ಮಾತಿಗೆ ಕೆಲಸವೊಂದೇ ಹೋದರೆ ಪುಣ್ಯ ಎನ್ನಬೇಕಿತ್ತು.

ಜೀಕೊವ್ ಚಿತ್ರದ ಹತ್ತಿರ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತ. ಸ್ಟೇಶಾಳ ಮುಖವನ್ನು ನೋಡಿದ. ಆ ಮೇಜಿನ ಸುತ್ತ ಮನೆಯಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳದವರು ಇರಲಿಲ್ಲ, ಅವನೂ ಸೇರಿ. ಆಮೇಲೆ ತಿರುಗಿ ಗುಡುಗಿದ.

"ಬೆಕ್ಕು ತೆಗೀರಿ! ರೊಟ್ಟಿ ಪಕ್ಕ ಬೆಕ್ಕು, ನೈರ್ಮಲ್ಯ ಬೇಡ್ವಾ? ನಾಚಿಕೆಗೇಡು. ಮಂಡಳಿಯ ತಿದ್ದುಪಡಿ ಇದೊಂದೇ. ಬರ್ಕೊಳ್ಳಿ. ಮುಂದಿನ ಚಿತ್ರ!"

ಸಣಕಲ ತಲೆ ತಗ್ಗಿಸಿ ಬರೆದುಕೊಂಡ. ಕಾಪಾ ಚಿತ್ರ ಎತ್ತಿಕೊಂಡು ಹೊರಗೆ ಬಂದರೆ ಜೀಕೊವ್ ಹಿಂದೆಯೇ ಬಂದು ಗೋಡೆಗೆ ಮುಖ ಮಾಡಿ ಸಿಗರೇಟು ಹಚ್ಚಿದ.

"ಇಷ್ಟು ವರ್ಷ ನೀವು ಬಿಟ್ಟ ನಾಯಿಗಳನ್ನೆಲ್ಲ ಹಿಡಿದು ಕಟ್ಟಿದೋನು ನಾನೇ ಕಣಮ್ಮಾ. ಗೊತ್ತಾಗಲ್ಲ ಅಂದ್ಕೊಂಡ್ರಾ? ಹೋಗಿ, ಹೋಗಿ. ಬೆಕ್ಕು ಮಾತ್ರ ಚೆನ್ನಾಗಿತ್ತು."

ಕಾಪಾ ಆ ಕಲ್ಲು ಮನುಷ್ಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ಮೆಟ್ಟಿಲಿಳಿದು ಓಡಿದಳು.

ಪೋಸ್ಟರ್ ಅಚ್ಚಾಯಿತು. ಚಳಿಗಾಲ ಶುರುವಾಗುವಾಗ ಒಂದು ಕಟ್ಟು ಅವಳ ಕೈಗೆ ಬಂತು. ಬಿಚ್ಚಿ ನೋಡಿದಳು. ಸ್ಟೇಶಾ ಇದ್ದಳು, ರೊಟ್ಟಿ ಇತ್ತು, ಹುಬ್ಬೂ ಸೀಳಿತ್ತು. ಆದರೆ ಬಲ ಹುಬ್ಬು!

ಹಾಗೇ ಓಡಿದಳು ಅಚ್ಚುಕೂಟಕ್ಕೆ. ಅಲ್ಲಿಯ ಮೇಲ್ವಿಚಾರಕ ಕೈ ಒರೆಸಿಕೊಳ್ಳುತ್ತಾ ಬಂದು, "ಬೆಕ್ಕು ಹೋದ ಮೇಲೆ ಎಡಗಡೆ ಬೋಳು ಬೋಳು ಕಾಣ್ತಿತ್ತಮ್ಮಾ. ಹೆಂಗಸನ್ನ ಆ ಕಡೆ ತಿರುಗಿಸಿ ಅಕ್ಷರ ಈ ಕಡೆ ಹಾಕಿದ್ವಿ. ಎಷ್ಟು ಚೆನ್ನಾಗಿ ಕೂತಿದೆ ನೋಡಿ! ಏನೀಗ, ಅದೇ ಮುಖ ತಾನೇ?" ಎಂದ. ಅವನದೇನು ತಪ್ಪು? ಎಲ್ಲ ಪೋಸ್ಟರಿಗೂ ಅವರು ಮಾಡುತ್ತಿದ್ದದ್ದೇ ಅದು. ಕಟ್ಟುಗಳು ಆಗಲೇ ರೈಲು ಹತ್ತಿ ದೇಶದ ಮೂಲೆಮೂಲೆಗೆ ಹೋಗಿದ್ದವು.

ಯುದ್ಧದಲ್ಲಿ ಅಳದ ಕಾಪಾ ಆ ದಿನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಳು. ಸ್ಟೇಶಾ ಪೋಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಳೋದು ಯಾಕೆ? ಕನ್ನಡೀಲಿ ನನಗೆ ನಾನು ಕಾಣೋದು ಹೀಗೇ ಕಣೇ. ಚೆನ್ನಾಗೇ ಇದ್ದೀನಿ."

ನಿನಗೆ ಕಾಣುತ್ತೀಯ, ನಿನ್ನ ಮಗಳು ನಿನ್ನನ್ನು ಕನ್ನಡಿಯಲ್ಲಿ ನೋಡಿದವಳಲ್ಲವಲ್ಲ ತಾಯಿ ಎಂದು ಕಾಪಾ ಮನಸ್ಸಿನಲ್ಲೇ ಅಂದುಕೊಂಡಳು. ಸ್ಟೇಶಾ ಪೋಸ್ಟರನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದಳು. ಬಾಗಿಲು ಬಡಿದಾಗಲೆಲ್ಲ ಇಬ್ಬರ ಕೈಯೂ ನಿಲ್ಲುತ್ತಿತ್ತು. ಬಂದವರು ಪಕ್ಕದ ಕೋಣೆಯವರ ನೆಂಟರೋ, ವಿದ್ಯುತ್ತಿನವನೋ ಆಗಿರುತ್ತಿದ್ದರು. ಚಳಿಗಾಲ ಹೀಗೇ ಕಳೆಯಿತು. ಕಾಪಾ ಮತ್ತೆ ನಗುವ ಟ್ರ್ಯಾಕ್ಟರ್ ಹುಡುಗಿಯರನ್ನು ಬರೆದಳು, ಆದರೆ ನಾಯಿ ಬಿಡಲು ಮನಸ್ಸಾಗಲಿಲ್ಲ.

ಹಿಮ ಕರಗಿ ಓಣಿಯೆಲ್ಲ ಕೆಸರಾಗಿದ್ದ ಒಂದು ಮಧ್ಯಾಹ್ನ ಬಾಗಿಲು ಬಡಿಯಿತು. ದಪ್ಪ ಕೋಟಿನ ಹೆಂಗಸೊಬ್ಬಳು, ಅವಳ ಹಿಂದೆ ಒಂಬತ್ತು ಹತ್ತು ವರ್ಷದ ಸಿಡುಕು ಮುಖದ ಹುಡುಗಿ.

"ರೊಟ್ಟಿ ಪೋಸ್ಟರ್ ಬರೆದೋರು ಇಲ್ಲೇ ಇರೋದಾ? ಪ್ರಕಟಣಾಲಯದೋರು ಕಳ್ಸಿದ್ರು. ನಾನು ತೈಸಿಯಾ ಮಿರೋನೊವ್ನಾ, ಪೂರ್ವದಲ್ಲಿ ಒರೆನ್‌ಬುರ್ಗ್ ಕಡೆ ಒಂದು ಅನಾಥಾಲಯದ ಮೇಲ್ವಿಚಾರಕಿ. ಮಕ್ಕಳ ಬೂಟಿಗೆ ಅಂತ ಮಾಸ್ಕೋಗೆ ಬಂದೆ. ಬರೋವಾಗ ಈ ಶನಿ ಗಂಟುಬಿತ್ತು."

ಕಾಪಾ ಹೇಗೋ ಅವರನ್ನು ಅಡುಗೆಮನೆಗೆ ಕರೆದು ಚಹಾ ಇಟ್ಟಳು. ಸ್ಟೇಶಾ ಕೆಲಸದಿಂದ ಬರುವ ಹೊತ್ತಾಗಿತ್ತು. ತೈಸಿಯಾ ಬಿಸಿ ಲೋಟವನ್ನು ಹಿಡಿದುಕೊಂಡು ಮಾತಿಗೆ ತೊಡಗಿದಳು.

"ನಿಮ್ಮ ಪೋಸ್ಟರ್ ಊಟದ ಮನೇಲಿ ಅಂಟಿಸಿದ್ವಿ ನೋಡಿ, ಒಂದು ವಾರ ಬರೀ ಜಗಳ. ಎಲ್ಲಾ ಮಕ್ಕಳಿಗೂ ಅದು ಅವರವರ ಅಮ್ಮಾನೇ! ಇವನು ನಮ್ಮಮ್ಮ ಅಂತಾನೆ, ಅವಳು ನಮ್ಮಮ್ಮ ಅಂತಾಳೆ, ಕೂದಲು ಹಿಡ್ಕೊಂಡು ಹೊಡೆದಾಡಿದ್ವು. ಏನು ಮಾಡ್ಲಿ? ಎಲ್ಲರ ಅಮ್ಮಾನೂ ಹೌದು, ಊಟ ಮಾಡಿ ಅಂದೆ. ನಿಮಗೆ ಹೇಳ್ಬೇಕು, ಆಮೇಲೆ ಒಬ್ಬನೂ ತಟ್ಟೇಲಿ ಚೂರು ರೊಟ್ಟಿ ಬಿಟ್ಟಿಲ್ಲ."

ಕಾಪಾ ಸೆರಗಿನಂತೆ ಏಪ್ರನ್ನಿನ ತುದಿಯನ್ನು ಬಾಯಿಗೆ ಅದುಮಿಕೊಂಡಳು.

"ಇವಳೊಬ್ಬಳು ಮಾತ್ರ ಜಗಳಕ್ಕೆ ಬರ್ಲಿಲ್ಲ. ಅನ್ನಾ ವಗೋನೋವಾ ಅಂತ, ರೈಲಿನ ವ್ಯಾಗನ್ನಲ್ಲಿ ಸಿಕ್ಕಿದ್ದಕ್ಕೆ ವಗೋನೋವಾ ಅಂತ ನಾವೇ ಸೇರಿಸಿದ್ದು. ಮೂಲೇಲಿ ಕೂತ್ಕೊಂಡು, ಈ ಚಿತ್ರ ತಪ್ಪು, ಬರೆದೋರಿಗೆ ಕಣ್ಣಿಲ್ಲ ಅನ್ನೋಳು. ಏನೇ ತಪ್ಪು ಅಂದ್ರೆ ಗಾಯ ಆ ಕಡೆ ಅಲ್ಲ, ಈ ಕಡೆ ಅಂತಾಳೆ. ಚಳಿಗಾಲ ಪೂರ್ತಿ ಇದೇ ಹಾಡು. ನಿನಗೆ ಹೇಗೆ ಗೊತ್ತು ಅಂತ ಕೇಳ್ದೆ. ಮಲಗೋವಾಗ ನಾನು ಬೆರಳು ಅಲ್ಲಿಡ್ತಿದ್ದೆ ಅಂದ್ಳು. ಎಲ್ಲಿ, ಯಾರ ಹತ್ರ, ಅದೇನೂ ಗೊತ್ತಿಲ್ಲ. ಬೆರಳಿಟ್ಟಿದ್ದು ಮಾತ್ರ ಗೊತ್ತು. ನಂಗೆ ನಿದ್ದೆ ಬರ್ಲಿಲ್ಲ ಕಣ್ರೀ, ಅದಕ್ಕೆ ಕರ್ಕೊಂಡೇ ಬಂದೆ."

ಕಾಪಾ ಲೋಟವನ್ನು ಮೇಜಿನ ಮೇಲೆ ಇಟ್ಟು ಹುಡುಗಿಯ ಕಡೆ ತಿರುಗಿದಳು. ಹುಡುಗಿ ಗೋಡೆಯ ಪೋಸ್ಟರಿನ ಕಡೆ ಕೈ ತೋರಿಸಿ ಅವಳನ್ನು ದುರುಗುಟ್ಟಿ ನೋಡಿದಳು.

"ನೀವೇನಾ ಇದನ್ನ ಬರ್ದಿದ್ದು?"

"ಹೂಂ ಕಣಮ್ಮಾ. ನಾನೇ."

ಅಷ್ಟರಲ್ಲಿ ಹೊರಬಾಗಿಲ ಚಿಲಕ ತಿರುಗಿತು. ಸ್ಟೇಶಾ ಕೈಚೀಲ ಹಿಡಿದುಕೊಂಡು, ಹುಬ್ಬು ರೆಪ್ಪೆಯ ಮೇಲೆಲ್ಲ ಹಿಟ್ಟಿನ ಪುಡಿ, ಕೆಸರು ಬೂಟಿನ ಮೇಲೆ ಬೈಗುಳ ಸುರಿಸುತ್ತಾ ಒಳಗೆ ಬಂದಳು. ಹುಡುಗಿಯನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕೈಚೀಲ ಕೆಳಗೆ ಬಿತ್ತು. ಹೆಸರು ಹಿಡಿದು ಕೂಗಲು ಅವಳಿಗೆ ಧೈರ್ಯ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಮೊಣಕಾಲೂರಿದಳು. ಮುಖ ಹುಡುಗಿಯ ಮುಖದ ಎತ್ತರಕ್ಕೆ ಬಂತು.

ಹುಡುಗಿ ಓಡಲಿಲ್ಲ, ಅಳಲೂ ಇಲ್ಲ. ನಿಧಾನವಾಗಿ ಹತ್ತಿರ ಹೋದಳು. ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ, ಎಡ ಹುಬ್ಬಿನ ಸೀಳಿನ ಮೇಲೆ ಬೆರಳಿಟ್ಟಳು. ಇಟ್ಟ ಬೆರಳನ್ನು ತೆಗೆಯದೆ ಕಾಪಾಳ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟು ಮಾತ್ರ ಹಾಗೇ ಇತ್ತು.

"ಇಲ್ಲಿ! ನೋಡಿ ಸರಿಯಾಗಿ. ಈ ಕಡೆ ಇರೋದು."

"ಹೌದು ತಾಯಿ, ತಪ್ಪಾಯ್ತು," ಎಂದಳು ಕಾಪಾ ಬಿಕ್ಕುತ್ತಾ. "ತಿದ್ದಿಬಿಡ್ತೀನಿ."